ಹಳೆಯ ಸ್ವಚ್ಛ ವಾಹಿನಿಯ ರಿವರ್ಸ್ ದೀಪ: ದೋಷವನ್ನು ಹುಡುಕುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ. ಸಂಬಂಧಪಟ್ಟ ಸಮಿತಿಯ ಸದಸ್ಯರು ವಿಶೇಷವಾಗಿ ಗಮನಿಸುವುದು.)



ಮನೆ ಮನೆಯಿಂದ ಕಸ ಸಂಗ್ರಹಿಸುವ ನಾಲ್ಕು ಚಕ್ರದ ಟಿಪ್ಪರ್ ವಾಹನಗಳು ದಿನದ ಕೆಲಸದಲ್ಲಿ ಹಲವು ಬಾರಿ ಹಿಮ್ಮುಖವಾಗಿ ಚಲಿಸಬೇಕಾಗುತ್ತದೆ. ನಮ್ಮ ಗ್ರಾಮಗಳ ಎಷ್ಟೋ ಓಣಿಗಳಲ್ಲಿ ವಾಹನ ತಿರುಗಿಸಲು ಸ್ಥಳವಿಲ್ಲ. ಒಳಗೆ ಹೋದ ವಾಹನ ಹಿಂದಕ್ಕೇ ಬರಬೇಕು. ಸಂಗ್ರಹಣೆ ನಸುಕಿನಲ್ಲಿಯೇ ಆರಂಭವಾಗುತ್ತದೆ. ಬಕೆಟ್ ಹಿಡಿದು ಬಂದ ಮಕ್ಕಳು, ವೃದ್ಧರು ವಾಹನದ ಹಿಂಬದಿಯಲ್ಲಿಯೇ ನಿಂತಿರುತ್ತಾರೆ. ಮೇಲೆತ್ತುವ ಕಸದ ಪೆಟ್ಟಿಗೆಯ ಹಿಂದೆ ಏನಿದೆ ಎಂಬುದು ಚಾಲಕರಿಗೆ ಕಾಣುವುದಿಲ್ಲ. ವಾಹನ ಹಿಂದಕ್ಕೆ ಬರಲಿದೆ ಎಂದು ಹಿಂದಿನವರಿಗೆ ತಿಳಿಸುವುದು ಒಂದು ಬಿಳಿ ದೀಪ ಮತ್ತು ಅದರೊಡನೆ ಕೂಗುವ ಬಜರ್ ಮಾತ್ರ.

ಈ ದೀಪವು ರಿವರ್ಸ್ ಗೇರ್ ಹಾಕಿದೊಡನೆ ತಾನಾಗಿಯೇ ಬೆಳಗಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಆಶಯ. ಆದರೂ ಹಳೆಯ ವಾಹನಗಳಲ್ಲಿ ಮೊದಲು ಕೆಡುವುದೂ ಕೊನೆಗೆ ರಿಪೇರಿಯಾಗುವುದೂ ಇದೇ ದೀಪ. ಹೆಡ್‌ಲೈಟ್ ಕೆಟ್ಟರೆ ಚಾಲಕರಿಗೆ ತಕ್ಷಣ ತಿಳಿಯುತ್ತದೆ. ರಿವರ್ಸ್ ದೀಪ ಕೆಟ್ಟರೆ ಸೀಟಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ.

ದೀಪದ ಮಾರ್ಗವನ್ನು ಮೊದಲು ಅರಿತುಕೊಳ್ಳತಕ್ಕದ್ದು. ಬ್ಯಾಟರಿಯ ವಿದ್ಯುತ್ತು ಇಗ್ನಿಷನ್ ಕೀಲಿಯ ಮೂಲಕ ಫ್ಯೂಸಿಗೆ, ಅಲ್ಲಿಂದ ಗೇರ್ ಬಾಕ್ಸಿನ ಮೇಲಿರುವ ಚಿಕ್ಕ ರಿವರ್ಸ್ ಸ್ವಿಚ್ಚಿಗೆ, ಅಲ್ಲಿಂದ ಹಿಂಬದಿಯ ಬಲ್ಬಿಗೆ ಬರುತ್ತದೆ; ಬಲ್ಬಿನಿಂದ ವಾಹನದ ಕಬ್ಬಿಣದ ಚೌಕಟ್ಟಿನ ಮೂಲಕ, ಅಂದರೆ ಅರ್ತ್ ಮೂಲಕ, ಬ್ಯಾಟರಿಗೆ ಮರಳುತ್ತದೆ. ರಿವರ್ಸ್ ಗೇರ್ ಬಿದ್ದಾಗ ಒಳಗಿನ ಸಲಾಕೆ ಸ್ವಿಚ್ಚಿನ ಗುಂಡಿಯನ್ನು ಒತ್ತುತ್ತದೆ, ದೀಪ ಬೆಳಗುತ್ತದೆ. ದೋಷ ಈ ಮಾರ್ಗದಲ್ಲಿ ಎಲ್ಲಿಯಾದರೂ ಇರಬಹುದು. ಆದುದರಿಂದ ಊಹೆಯ ಮೇಲೆ ಬಿಡಿಭಾಗ ಬದಲಿಸುತ್ತಾ ಹೋಗದೆ, ಒಂದೊಂದು ನಿಲ್ದಾಣವನ್ನೂ ಪರೀಕ್ಷಿಸುತ್ತಾ ಸಾಗಬೇಕು.

ಪರೀಕ್ಷೆಗೆ ಇಬ್ಬರು ಬೇಕು. ವಾಹನವನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಬೇಕು. ನೋಡುವವರು ನೇರ ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಲ್ಲತಕ್ಕದ್ದು. ಕಸದ ಪೆಟ್ಟಿಗೆಯನ್ನು ಮೇಲೆತ್ತಿ ಕೆಲಸ ಮಾಡಬೇಕಾದಲ್ಲಿ ಆಧಾರದ ಸಲಾಕೆ ಕೊಡದೆ ಅದರ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಕೂಡದು. ಹೈಡ್ರಾಲಿಕ್ ಎಣ್ಣೆಯನ್ನು ನಂಬಿ ಕೆಳಗೆ ಹೋಗುವುದು ಜೀವಾಪಾಯ.

ಈಗ ಎರಡು ದೀಪಗಳಲ್ಲಿ ಒಂದು ಮಾತ್ರ ಬೆಳಗದಿದ್ದರೆ, ಫ್ಯೂಸ್ ಮತ್ತು ಸ್ವಿಚ್ ಸರಿಯಿವೆ ಎಂದರ್ಥ. ಅವುಗಳನ್ನು ಮುಟ್ಟುವ ಅಗತ್ಯವಿಲ್ಲ. (ಕೆಲವು ವಾಹನಗಳಿಗೆ ತಯಾರಿಕೆಯಲ್ಲಿಯೇ ಒಂದು ಬದಿಗೆ ಮಾತ್ರ ರಿವರ್ಸ್ ದೀಪವಿರುತ್ತದೆ. ಇಲ್ಲದ ದೀಪವನ್ನು ರಿಪೇರಿ ಮಾಡಿಸಿದ ಬಿಲ್ಲು ಬಾರದಂತೆ ಇದನ್ನು ಮೊದಲೇ ನೋಡಿಕೊಳ್ಳುವುದು.) ಬಜರ್ ಕೂಡ ಸಾಮಾನ್ಯವಾಗಿ ಇದೇ ಮಾರ್ಗಕ್ಕೆ ಜೋಡಣೆಯಾಗಿರುತ್ತದೆ. ಬಜರ್ ಕೂಗುತ್ತಿದ್ದು ದೀಪ ಬೆಳಗದಿದ್ದರೂ ದೋಷ ಹಿಂಬದಿಯಲ್ಲಿಯೇ ಇದೆ.

ಹಿಂಬದಿಯ ದೋಷದಲ್ಲಿ ಬಲ್ಬನ್ನು ಮೊದಲು ನೋಡಬೇಕು. ಹೆಚ್ಚಿನ ಹಳೆಯ ವಾಹನಗಳಲ್ಲಿ 12 ವೋಲ್ಟ್, 21 ವ್ಯಾಟ್‌ನ ಒಂದೇ ತಂತಿಯ ಬಲ್ಬ್ ಇರುತ್ತದೆ. ತಂತಿ ತುಂಡಾಗಿದ್ದರೆ ಅಥವಾ ಗಾಜು ಕಪ್ಪಾಗಿದ್ದರೆ ಬದಲಿಸಬೇಕು. ಬಲ್ಬ್ ಸರಿಯಿದ್ದರೆ ಹೋಲ್ಡರ್ ನೋಡಬೇಕು. ಕಸದ ವಾಹನಗಳ ವಿಶೇಷ ತೊಂದರೆ ಇಲ್ಲಿಯೇ ಇದೆ. ಹಸಿ ಕಸದಿಂದ ಸೋರುವ ನೀರು ಹುಳಿಯೂ ಉಪ್ಪೂ ಸೇರಿದ್ದಾಗಿದ್ದು, ದೀಪದ ಗಾಜಿನ ಸಂದಿಯಿಂದ ಒಳಗಿಳಿದು ಹಿತ್ತಾಳೆಯನ್ನು ಹಸಿರುಗಟ್ಟಿಸುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಹೋಲ್ಡರನ್ನು ಉಜ್ಜುಕಾಗದದಿಂದ ಬೆಳಗಿ, ಒಣಗಿಸಿ, ತೆಳುವಾಗಿ ವ್ಯಾಸಲೀನ್ ಸವರಿ, ಗಾಜಿನ ರಬ್ಬರ್ ಅಂಚು ಹರಿದಿದ್ದರೆ ಹೊಸದು ಹಾಕಬೇಕು. ರಬ್ಬರ್ ಬದಲಿಸದೆ ಬಲ್ಬ್ ಮಾತ್ರ ಬದಲಿಸಿದರೆ ಮುಂದಿನ ಮಳೆಗಾಲಕ್ಕೆ ಅದೇ ದೂರು ಮರಳುತ್ತದೆ.

ಅರ್ತ್ ದೋಷವನ್ನು ಗುರುತಿಸುವುದು ಸುಲಭ, ಆದರೆ ಅದನ್ನು ಹೆಚ್ಚಿನವರು ಮರೆಯುತ್ತಾರೆ. ದೀಪ ಮಂಕಾಗಿ ಉರಿಯುವುದು, ಇಂಡಿಕೇಟರ್ ಹಾಕಿದಾಗ ರಿವರ್ಸ್ ದೀಪವೂ ಮಿಣುಕುವುದು, ಬ್ರೇಕ್ ಒತ್ತಿದಾಗ ಬೇರೊಂದು ದೀಪ ಬೆಳಗುವುದು, ಇವೆಲ್ಲ ಅರ್ತ್ ಸರಿಯಿಲ್ಲದ ಲಕ್ಷಣಗಳು. ತನ್ನ ದಾರಿ ಮುಚ್ಚಿದ್ದರಿಂದ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ಹಾದುಹೋಗುತ್ತಿರುತ್ತದೆ. ನಾನು ಕಂಡ ಒಂದು ವಾಹನಕ್ಕೆ ಎರಡು ಬಾರಿ ಬಲ್ಬ್, ಒಂದು ಬಾರಿ ಸ್ವಿಚ್ ಬದಲಿಸಿ, ಕೊನೆಗೆ ಹಿಂಬದಿಯ ಪೂರ್ಣ ವೈರಿಂಗ್ ಹೊಸದು ಮಾಡಬೇಕೆಂದು ಅಂದಾಜು ಪಟ್ಟಿ ಬಂದಿತ್ತು. ದೋಷವಿದ್ದುದು ತುಕ್ಕು ಹಿಡಿದ ಒಂದು ಅರ್ತ್ ಸ್ಕ್ರೂವಿನಲ್ಲಿ. ಬಣ್ಣ ಮತ್ತು ತುಕ್ಕನ್ನು ಕೆರೆದು ಬಿಗಿ ಮಾಡಿದೊಡನೆ ದೀಪ ಹತ್ತಿತು. ಅಷ್ಟರೊಳಗೆ ಆದ ವೆಚ್ಚ ಮಾತ್ರ ಮರಳಲಿಲ್ಲ.

ದೀಪಗಳೆರಡೂ ಬಜರ್ ಸಹಿತ ಸತ್ತಿದ್ದರೆ ಫ್ಯೂಸಿನಿಂದ ಆರಂಭಿಸುವುದು. ಕಣ್ಣಿಗೆ ಸರಿಯಾಗಿ ಕಾಣುವ ಫ್ಯೂಸ್ ಕೂಡ ಒಳಗೆ ಬಿರುಕು ಬಿಟ್ಟಿರಬಹುದು. ಟೆಸ್ಟ್ ಲ್ಯಾಂಪಿನಿಂದ ಅದರ ಎರಡೂ ತುದಿಗಳನ್ನು ಮುಟ್ಟಿ ನೋಡಬೇಕು. ಫ್ಯೂಸ್ ಸರಿಯಿದ್ದರೆ ರಿವರ್ಸ್ ಸ್ವಿಚ್ಚಿನ ಎರಡು ವೈರುಗಳನ್ನು ಕಳಚಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕೀಲಿ ತಿರುಗಿಸಿ, ಆ ಎರಡು ವೈರುಗಳನ್ನು ತುಂಡು ತಂತಿಯಿಂದ ಕೂಡಿಸಬೇಕು. ದೀಪ ಹತ್ತಿದರೆ ಕೆಟ್ಟಿರುವುದು ಸ್ವಿಚ್, ಅಥವಾ ಸವೆದ ಗೇರ್ ಜೋಡಣೆಯಿಂದಾಗಿ ಅದರ ಗುಂಡಿ ಪೂರ್ತಿ ಒತ್ತಿಕೊಳ್ಳುತ್ತಿಲ್ಲ. ಹತ್ತದಿದ್ದರೆ ಟೆಸ್ಟ್ ಲ್ಯಾಂಪಿನಿಂದ ನೋಡುವುದು: ಎರಡು ವೈರುಗಳಲ್ಲಿ ಯಾವುದಕ್ಕೂ ವಿದ್ಯುತ್ತು ಬಾರದಿದ್ದರೆ ದೋಷ ಫ್ಯೂಸಿಗೂ ಸ್ವಿಚ್ಚಿಗೂ ನಡುವೆ, ಒಂದಕ್ಕೆ ಬರುತ್ತಿದ್ದರೆ ಸ್ವಿಚ್ಚಿನಿಂದ ಹಿಂಬದಿಯವರೆಗಿನ ಮಾರ್ಗದಲ್ಲಿ. ಸ್ವಿಚ್ ಬಿಚ್ಚುವಾಗ ಗೇರ್ ಎಣ್ಣೆ ಸೋರಬಹುದು, ಕೆಳಗೆ ಪಾತ್ರೆಯಿಡಬೇಕು. ಮರಳಿ ಹಾಕುವಾಗ ಹೊಸ ವಾಷರ್ ಬಳಸಿ ಮಿತವಾಗಿ ಬಿಗಿ ಮಾಡತಕ್ಕದ್ದು. ಅಲ್ಯುಮಿನಿಯಂ ಮೈಯ ಥ್ರೆಡ್ ಹೋದರೆ ಚಿಕ್ಕ ಕೆಲಸ ದೊಡ್ಡದಾಗುತ್ತದೆ.

ಹೊಸ ಫ್ಯೂಸ್ ಹಾಕಿದೊಡನೆ ಮತ್ತೆ ಹಾರಿದರೆ ಎಲ್ಲಿಯೋ ವೈರಿನ ಸಿಪ್ಪೆ ಹೋಗಿ ಚೌಕಟ್ಟಿಗೆ ತಾಗುತ್ತಿದೆ. ಟಿಪ್ಪರ್ ಪೆಟ್ಟಿಗೆಯ ಕೀಲಿನ ಬಳಿ ವೈರು ಪ್ರತಿದಿನ ಬಾಗಿ ಬಾಗಿ ಒಡೆಯುವುದು ಸಾಮಾನ್ಯ. ರಾತ್ರಿ ಕಸದ ಬಳಿ ನಿಲ್ಲುವ ವಾಹನದ ವೈರನ್ನು ಇಲಿ ಕಡಿಯುವುದೂ ಉಂಟು. ಇಂತಹ ಸಂದರ್ಭದಲ್ಲಿ ಫ್ಯೂಸಿನ ಸ್ಥಾನದಲ್ಲಿ ತಾಮ್ರದ ತಂತಿ ಸುತ್ತುವ ರೂಢಿ ಕೆಲವೆಡೆ ಇದೆ. ಇದನ್ನು ಯಾವ ಕಾರಣಕ್ಕೂ ಅನುಮತಿಸಕೂಡದು. 21 ವ್ಯಾಟ್‌ನ ಎರಡು ಬಲ್ಬುಗಳು ಎಳೆಯುವುದು ಸುಮಾರು 3.5 ಆಂಪಿಯರ್ ಮಾತ್ರ. ತಾಮ್ರದ ತಂತಿ ಅದರ ಎಷ್ಟೋ ಪಟ್ಟು ಹರಿಯಲು ಬಿಟ್ಟು, ತಾನು ಕರಗುವ ಬದಲು ವೈರಿಂಗನ್ನೇ ಸುಡುತ್ತದೆ. ಒಣ ಕಸ ತುಂಬಿದ ವಾಹನದಲ್ಲಿ ಅದರ ಪರಿಣಾಮವನ್ನು ಹೇಳಬೇಕಾಗಿಲ್ಲ. ಹಾಗೆಯೇ ಡ್ಯಾಶ್‌ಬೋರ್ಡಿನಲ್ಲಿ ಪ್ರತ್ಯೇಕ ಗುಂಡಿಯಿಟ್ಟು ಚಾಲಕರು ಕೈಯಿಂದ ಹಾಕುವಂತೆ ಮಾಡುವುದು ರಿಪೇರಿಯಲ್ಲ. ಅವಸರದಲ್ಲಿ ಗುಂಡಿ ಮರೆತುಹೋಗುತ್ತದೆ.

ಗೇರ್ ಹಾಕದಿದ್ದರೂ ದೀಪ ಉರಿಯುತ್ತಲೇ ಇದ್ದರೆ ಸ್ವಿಚ್ ಅಂಟಿಕೊಂಡಿದೆ ಅಥವಾ ಅದರ ವೈರುಗಳು ಒಂದಕ್ಕೊಂದು ತಾಗಿವೆ. ಇದನ್ನೂ ದೋಷವೆಂದೇ ಎಣಿಸಬೇಕು. ಸದಾ ಉರಿಯುವ ದೀಪವನ್ನು ಜನರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸಂಬಂಧಪಟ್ಟ ಸಮಿತಿಯ ಸದಸ್ಯರು ತಿಂಗಳಿಗೊಮ್ಮೆ ವಾಹನ ನಿಲ್ಲುವ ಸ್ಥಳಕ್ಕೆ ಹೋಗಿ ಚಾಲಕರ ಸಮ್ಮುಖದಲ್ಲಿ ರಿವರ್ಸ್ ಗೇರ್ ಹಾಕಿಸಿ ನೋಡಿದರೆ ಸಾಕು, ಐದು ನಿಮಿಷದ ಕೆಲಸ. ನೋಡಿದ ದಿನಾಂಕವನ್ನು ಲಾಗ್ ಪುಸ್ತಕದಲ್ಲಿ ಬರೆಯಿಸುವುದು. ಬೆಳಗ್ಗೆ ಹೊರಡುವ ಮೊದಲು ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿದ್ದರೆ, ಗೋಡೆಯ ಮೇಲೆ ಬೀಳುವ ಬೆಳಕನ್ನು ಚಾಲಕರು ಕನ್ನಡಿಯಲ್ಲಿ ತಾವೇ ಕಾಣಬಹುದು. ಎರಡು ಬಲ್ಬ್, ನಾಲ್ಕು ಫ್ಯೂಸ್, ಒಂದು ಟೆಸ್ಟ್ ಲ್ಯಾಂಪ್, ಉಜ್ಜುಕಾಗದ ಇಷ್ಟು ವಾಹನದಲ್ಲಿಯೇ ಇರಲಿ. ರಿಪೇರಿ ಬಿಲ್ಲು ಮಂಜೂರು ಮಾಡುವಾಗ ದೋಷ ಎಲ್ಲಿತ್ತು, ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಮೆಕ್ಯಾನಿಕ್ ಬರೆದುಕೊಡಬೇಕು. ತೆಗೆದ ಹಳೆಯ ಭಾಗವನ್ನು ಪಂಚಾಯತಿಗೆ ಒಪ್ಪಿಸಬೇಕು.

ದೀಪ ಸರಿಯಾಗುವವರೆಗೆ ವಾಹನ ಹಿಂದಕ್ಕೆ ಬರುವಾಗಲೆಲ್ಲ ಸಹಾಯಕರು ಕೆಳಗಿಳಿದು, ಚಾಲಕರ ಕನ್ನಡಿಗೆ ಕಾಣುವ ಬದಿಯಲ್ಲಿ ನಿಂತು ದಾರಿ ತೋರಿಸತಕ್ಕದ್ದು. ಸಹಾಯಕರು ಬಾರದ ದಿನ ವಾಹನವನ್ನು ಓಣಿಯೊಳಗೆ ಒಯ್ಯದೆ, ಮುಖ್ಯ ರಸ್ತೆಯಲ್ಲಿಯೇ ನಿಲ್ಲಿಸಿ ಕಸ ಸಂಗ್ರಹಿಸುವುದು.