ಬಾಡಿಗೆಯನ್ನು ತಡಮಾಡುವವನ ವಿಷಯವು

ಪಾಂಡವಪುರದಲ್ಲಿ ಒಬ್ಬ ವಿಧವೆಗೆ ಚಿಕ್ಕದೊಂದು ಹೆಂಚಿನ ಮನೆಯಿದೆಯೆಂತಲೂ ಅದರ ಬಾಡಿಗೆಯಾದ 2,000 ರೂಪಾಯಿಯೇ ಆಕೆಯ ತಿಂಗಳ ಜೀವನವೆಂತಲೂ ಎಣಿಸಿರಿ. 5ನೇ ತಾರೀಖಿಗೆ ಬರತಕ್ಕ ಹಣವು 25ಕ್ಕೂ ಬಾರದೆ ಎರಡು ತಿಂಗಳದ್ದು ನಿಂತುಹೋಯಿತು. ನೆರೆಯವರು, ಬೀಗ ಹಾಕಿಬಿಡಮ್ಮಾ, ತಾನಾಗಿ ಕೊಡುತ್ತಾನೆ, ಎಂದು ಬುದ್ಧಿ ಹೇಳುತ್ತಾರೆ. ಒಳಗಿರುವವನಿಗಾದರೋ ಹೆಂಡತಿಯೂ ಸಣ್ಣ ಮಕ್ಕಳೂ ಇದ್ದಾರೆ. ಈಗ ಆಕೆಯು ಏನು ಮಾಡತಕ್ಕದ್ದು?

ಮೊದಲು ತಡದ ಕಾರಣವನ್ನು ವಿಚಾರಿಸತಕ್ಕದ್ದು. ಈ ಸೀಮೆಯು ವಿಶ್ವೇಶ್ವರಯ್ಯ ನಾಲೆಯ ಕಬ್ಬಿನ ಸೀಮೆ. ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರುಷ ಹಿಡಿಯುವದು; ಹೀಗಿರಲಾಗಿ ಹಣವು ತಿಂಗಳು ತಿಂಗಳು ಬರುವಂಥದಲ್ಲ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಕಾರ್ಖಾನೆಯು ಹಣ ಸಲ್ಲಿಸಬೇಕು, ತಪ್ಪಿದರೆ ವರುಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆಯು ಹೇಳುತ್ತದೆ. ಆದರೂ ರೈತರು ತಿಂಗಳುಗಟ್ಟಲೆ ಕಾದದ್ದುಂಟು. ಅವರ ಸಂಗಡ ಕೂಲಿಯವನೂ ಗಾಡಿಯವನೂ ಅಂಗಡಿಯವನೂ ಕಾಯುತ್ತಾರೆ, ಕಡೆಗೆ ನಮ್ಮ ವಿಧವೆಯೂ ಕಾಯುತ್ತಾಳೆ. ಕೈಯಲ್ಲಿ ಹಣವಿದ್ದೂ, ಇವಳು ಮೆತ್ತಗಿನವಳೆಂದು ಮುಂದಕ್ಕೆ ಹಾಕುವವನು ಬೇರೆ. ಇವರಿಬ್ಬರನ್ನು ಗುರುತಿಸುವದು ಕಷ್ಟವಲ್ಲ. ಮೊದಲನೆಯವನು ತಾನೇ ಬಂದು ತನ್ನ ಅವಸ್ಥೆಯನ್ನು ತಿಳಿಸುತ್ತಾನೆ. ಎರಡನೆಯವನು ನಿಮ್ಮನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಾನೆ. ಆದರೆ ನಾಚಿಕೆಯಿಂದ ಬೀದಿ ಬದಲಿಸುವವರೂ ಉಂಟು. ನಾನು ಅನೇಕ ವರುಷ ಬಾಡಿಗೆ ಮನೆಗಳಲ್ಲಿ ಇದ್ದವನು, ಒಮ್ಮೆ ಹಾಗೆ ಮಾಡಿದವನೂ ಹೌದು. ಆದದರಿಂದ ಒಂದು ಸಾರಿ ಕರೆದು ಕೇಳದೆ ತೀರ್ಪು ಮಾಡಬೇಡಿರಿ.

ಅವನ ಕೈಗೆ ಹಣವು ಯಾವಾಗ ಬರುವದೋ ಅದಕ್ಕೆ ತಕ್ಕಂತೆ ಗಡುವನ್ನು ಇಟ್ಟುಕೊಳ್ಳುವದು ಒಳ್ಳೇದು. ವಾರದ ಕೂಲಿಯವನಾದರೆ ವಾರಕ್ಕೆ 750 ರೂಪಾಯಿ ಕೊಡಲಿ. ಅದರಲ್ಲಿ 500 ನಡೆಯುವ ತಿಂಗಳಿಗೂ 250 ಹಳೇ ಬಾಕಿಗೂ ಸಂದು, 4,000 ರೂಪಾಯಿಯ ಬಾಕಿಯು 16 ವಾರಗಳಲ್ಲಿ ತೀರುವದು. ಇದನ್ನು ಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕಬೇಕು. ಪ್ರತಿ ಸಾರಿಯೂ ರಸೀತಿ ಕೊಡಬೇಕು. ನಮ್ಮವರೊಳಗೆ ನಂಬಿಕೆಯೇ ಸಾಕೆಂದು ಬಿಟ್ಟ ಲೆಕ್ಕದಿಂದಲೇ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಬೀಗದ ಮಾತು ಮಾತ್ರ ಬೇಡ. ಸಾಲ ಕೊಟ್ಟವನು ಒತ್ತೆಗಾಗಿ ಸಾಲಗಾರನ ಮನೆಯೊಳಗೆ ಹೋಗದೆ ಹೊರಗೆ ನಿಲ್ಲಬೇಕೆಂಬ ವಿಧಿಯನ್ನು ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ನೀವು ಓದಿದ್ದೀರಷ್ಟೆ. ದೇಶದ ಕಾನೂನೂ ಹಾಗೆಯೇ ಇದೆ. ನ್ಯಾಯಮಾರ್ಗವಿಲ್ಲದೆ ಹೊರಗೆ ಹಾಕಲ್ಪಟ್ಟವನು, ಹಾಕಿದವನು ಒಡೆಯನೇ ಆದರೂ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಹಿಂದಕ್ಕೆ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮು ಹೇಳುತ್ತದೆ. ಬಾಕಿಗಾಗಿ ಬೀಗ ಹಾಕಿದ ವಿಧವೆಯು ತಾನೇ ಪ್ರತಿವಾದಿಯಾಗಿ ನಿಲ್ಲುವಳು.

ಎಷ್ಟು ಹೇಳಿದರೂ ಕೇಳದವನಿಗೆ ನೋಟೀಸು ಕೊಡುವದುಂಟು. ತಿಂಗಳ ಬಾಡಿಗೆಯ ಮನೆಗೆ, ಬೇರೆ ಕರಾರಿಲ್ಲದಿದ್ದರೆ, 15 ದಿನಗಳ ನೋಟೀಸೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನಲ್ಲಿದೆ. ಅದು ಬರವಣಿಗೆಯಲ್ಲಿದ್ದು ರುಜು ಹೊಂದಿರಬೇಕು. ಸಣ್ಣ ಬಾಡಿಗೆಯ ಮನೆಗಳಿಗೆ ಕೆಲವು ಊರುಗಳಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆಯು ಸಲ್ಲುವದರಿಂದ ಮೊದಲು ವಕೀಲರನ್ನು ಕೇಳಿರಿ. ಬಾಕಿಯನ್ನು ವಸೂಲು ಮಾಡುವ ದಾವೆಗೆ ಮೂರು ವರುಷಗಳ ಅವಧಿಯುಂಟು. ಆದದರಿಂದ ಕನಿಕರದಿಂದ ಕಾಯುವವಳು ಸಹ ತಾರೀಖುಗಳನ್ನು ಮರೆಯಬಾರದು.

ಇದೆಲ್ಲಾ ಮನೆಯ ಮಾತು, ಗದ್ದೆಯದಲ್ಲ. 1974ನೇ ಮಾರ್ಚ್ 1ರಿಂದ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವರಿಗೆ ಹಕ್ಕು ದೊರೆಯಲು ದಾರಿಯಾಯಿತು. ಬಾಯಿಮಾತಿನಿಂದ ಗದ್ದೆಯನ್ನು ವಾರಕ್ಕೆ ಕೊಟ್ಟು, ಪಾಲು ತಡವಾಯಿತೆಂದು ನೋಟೀಸು ಬರೆಸಹೋಗುವವನು, ಆ ಕೊಟ್ಟದ್ದೇ ಕಾಯಿದೆಗೆ ಒಪ್ಪುವದೋ ಎಂದು ಮುಂಚೆ ವಿಚಾರಿಸಿಕೊಳ್ಳಲಿ.