ತನ್ನ ಯೋಚನೆ ಲೋಕಕ್ಕೆ ಕೇಳಿಸುತ್ತದೆಂದು ಅಂಜುವವನ ಕುರಿತು ಒಂದು ಪಾಠ



ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಒಬ್ಬ ಯೌವನಸ್ಥನು ಆದಿತ್ಯವಾರದ ಆರಾಧನೆಗೆ ಬರುವದನ್ನು ನಿಲ್ಲಿಸಿಬಿಟ್ಟನು. ನಾನು ಅವನ ಮನೆಗೆ ಹೋಗಿ ಕಾರಣ ಕೇಳಲು, ಅವನು ಬಾಗಿಲು ಮುಚ್ಚಿ, "ಅಯ್ಯನವರೇ, ನಾನು ಮನಸ್ಸಿನಲ್ಲಿ ಯೋಚಿಸುವದೆಲ್ಲಾ ಅಲ್ಲಿ ಕೂತವರಿಗೆ ಕೇಳಿಸುತ್ತದೆ. ಹೋದ ವಾರ ನೀವು ಪ್ರಸಂಗದಲ್ಲಿ ನನ್ನ ಯೋಚನೆಗೇ ಉತ್ತರ ಕೊಟ್ಟಿರಲ್ಲಾ" ಎಂದು ಪಿಸುಮಾತಿನಲ್ಲಿ ಹೇಳಿದನು. ನಾನು ಅದನ್ನು ಗ್ರಹಿಸದೆ, ಮನಸ್ಸಾಕ್ಷಿಯು ಅವನನ್ನು ಚುಚ್ಚುತ್ತಿದೆಯೆಂದು ಎಣಿಸಿ, ಗುಪ್ತಪಾಪವೇನಾದರೂ ಇದ್ದರೆ ಅರಿಕೆಮಾಡೆಂದು ಬುದ್ಧಿಹೇಳಿದೆನು. ಅವನು ಬಹಳವಾಗಿ ಅತ್ತನು. ಆ ಮೇಲೆ ಆರು ತಿಂಗಳು ಮನೆಯ ಹೊಸ್ತಿಲು ದಾಟಲಿಲ್ಲ. ನನ್ನ ಮಾತು ಗಾಯದ ಮೇಲೆ ಬರೆ ಎಳೆದಂತಾಯಿತೆಂದು ತಡವಾಗಿ ಕಲಿತೆನು. ನಿಮ್ಮಲ್ಲಿ ಯಾರೂ ಆ ತಪ್ಪನ್ನು ಮಾಡದಂತೆ ಈ ಪಾಠವನ್ನು ಬರೆದಿದ್ದೇನೆ.

1. ಈ ಸಂಕಟವು ಎಂಥಾದ್ದು?

ತನ್ನ ಮನಸ್ಸಿನ ಅಳುಕು ಮುಖದಲ್ಲಿ ಕಂಡೀತೋ ಎಂಬ ಅಂಜಿಕೆ ಎಲ್ಲರಿಗೂ ಒಂದೊಂದು ವೇಳೆ ಉಂಟಾಗುತ್ತದೆ. ಅದು ರೋಗವಲ್ಲ, ಬಂದಂತೆಯೇ ಹೋಗುವದು. ನಾವು ಇಲ್ಲಿ ಹೇಳುವದು ಬೇರೆ. ಈ ರೋಗಿಗೆ ತನ್ನ ಯೋಚನೆಗಳು ಡಂಗುರ ಹೊಡೆದಂತೆ ಊರಿಗೆಲ್ಲಾ ಕೇಳಿಸುತ್ತವೆಂಬ ಪೂರಾ ನಿಶ್ಚಯವಿರುತ್ತದೆ. ದಾರಿಯಲ್ಲಿ ಒಬ್ಬನು ಕೆಮ್ಮಿದರೆ ಅದು ತನಗೆ ಕೊಟ್ಟ ಉತ್ತರ. ಬಾವಿಯ ಬಳಿ ಹೆಂಗಸರು ನಕ್ಕರೆ ಅದು ತನ್ನ ಯೋಚನೆಯನ್ನು ಕೇಳಿದ ನಗು. ನಮಗೆ ಮನಸ್ಸೆಂಬದು ಬಾಗಿಲುಳ್ಳ ಒಳಕೋಣೆ. ಅವನ ಕೋಣೆಗೋ ಬಾಗಿಲೇ ಇಲ್ಲ. ಕೆಟ್ಟ ಯೋಚನೆ ಬರಬಾರದೆಂದು ಹಗಲಿರುಳು ಕಾವಲಿದ್ದು ಅವನು ಬಳಲಿಹೋಗುತ್ತಾನೆ.

ಎಷ್ಟು ಸಾಕ್ಷಿ ಕೊಟ್ಟರೂ ಕದಲದ ಇಂಥ ತಪ್ಪು ನಂಬಿಕೆಗೆ ವೈದ್ಯರು ಭ್ರಮೆಯೆಂದು ಹೆಸರಿಟ್ಟಿದ್ದಾರೆ. ಜರ್ಮನಿಯ ಮನೋವೈದ್ಯನಾದ ಕುರ್ಟ್ ಶ್ನೈಡರ್ ಎಂಬವನು ಇದನ್ನು ಸ್ಕಿಜೋಫ್ರೀನಿಯಾ ಎಂಬ ಮನೋರೋಗದ ಮುಖ್ಯ ಲಕ್ಷಣಗಳಲ್ಲಿ ಸೇರಿಸಿದನು. ಲೋಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಆ ರೋಗವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಬೇರೆ ಕೆಲವು ರೋಗಗಳಲ್ಲಿಯೂ ಈ ಲಕ್ಷಣವು ಕಾಣುವದರಿಂದ, ರೋಗ ಯಾವದೆಂದು ನಿರ್ಣಯಿಸುವದು ವೈದ್ಯರ ಕೆಲಸವೇ ಹೊರತು ನಮ್ಮದಲ್ಲ. ಇದು ದೆವ್ವದ ಹಿಡಿತವೂ ಅಲ್ಲ, ಮಾಟವೂ ಅಲ್ಲ, ಪಾಪದ ಶಿಕ್ಷೆಯೂ ಅಲ್ಲ.

2. ಒಬ್ಬ ನ್ಯಾಯಾಧಿಪತಿಯ ದೃಷ್ಟಾಂತ

ಬುದ್ಧಿಯಿಲ್ಲದವರಿಗೆ ಮಾತ್ರ ಹೀಗಾಗುತ್ತದೆಂದು ಎಣಿಸಬೇಡಿರಿ. ಜರ್ಮನಿಯ ಡ್ರೆಸ್ಡೆನ್ ಪಟ್ಟಣದಲ್ಲಿ ಡೇನಿಯಲ್ ಪೌಲ್ ಶ್ರೇಬರ್ ಎಂಬ ನ್ಯಾಯಾಧಿಪತಿ ಇದ್ದನು. 1893ರಲ್ಲಿ ಅವನಿಗೆ ಮೇಲಿನ ನ್ಯಾಯಾಲಯದಲ್ಲಿ ದೊಡ್ಡ ಪದವಿ ದೊರೆಯಿತು. ಸ್ವಲ್ಪ ಕಾಲದಲ್ಲಿಯೇ ನಿದ್ರೆ ತಪ್ಪಿ, ಅವನು ಘೋರವಾದ ಮನೋರೋಗಕ್ಕೆ ಒಳಗಾದನು. ಕಾಣದ ಕಿರಣಗಳು ತನ್ನ ಯೋಚನೆಗಳನ್ನೆಲ್ಲಾ ತಿಳಿದುಕೊಳ್ಳುತ್ತವೆಂದೂ ಅವೆಲ್ಲಾ ಪುಸ್ತಕಗಳಲ್ಲಿ ಬರೆಯಲ್ಪಡುತ್ತವೆಂದೂ ನಂಬಿ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಇದ್ದನು.

ಆ ಆಸ್ಪತ್ರೆಯ ಮುಖ್ಯ ವೈದ್ಯನು ಅವನನ್ನು ತನ್ನ ಕುಟುಂಬದ ಊಟಕ್ಕೆ ಕೂರಿಸಿಕೊಳ್ಳುತ್ತಿದ್ದನು. ಅಲ್ಲಿ ಶ್ರೇಬರನು ಮರ್ಯಾದೆಯಿಂದಲೂ ಚೆನ್ನಾದ ತಿಳುವಳಿಕೆಯಿಂದಲೂ ಮಾತಾಡುತ್ತಿದ್ದನು. ಕಡೆಗೆ ಅವನು ತನ್ನ ಬಿಡುಗಡೆಗಾಗಿ ತಾನೇ ವಾದ ಬರೆದು ನ್ಯಾಯಾಲಯಕ್ಕೆ ಒಪ್ಪಿಸಿದನು. ಭ್ರಮೆಗಳು ಇನ್ನೂ ಇದ್ದರೂ ಅವನು ತನ್ನ ವ್ಯವಹಾರವನ್ನು ತಾನೇ ನಡಿಸಲು ಶಕ್ತನೆಂದು 1902ರಲ್ಲಿ ತೀರ್ಪಾಯಿತು. ಅವನು ಹೆಂಡತಿಯ ಸಂಗಡ ಮನೆಯಲ್ಲಿ ಬಾಳಿದನು. ಒಬ್ಬ ಹುಡುಗಿಯನ್ನು ಮಗಳಾಗಿ ಸಾಕಿದನು. 1907ರಲ್ಲಿ ರೋಗವು ಮರಳಿ ಬಂತು. 1911ರಲ್ಲಿ ಅವನು ಆಸ್ಪತ್ರೆಯಲ್ಲಿಯೇ ತೀರಿಕೊಂಡನು. ಈ ಕಥೆಯಿಂದ ಕಲಿಯತಕ್ಕದ್ದು ಏನಂದರೆ, ಭ್ರಮೆಯು ಮನುಷ್ಯನ ಒಂದು ಭಾಗವನ್ನು ಹಿಡಿದರೂ ಪೂರಾ ಮನುಷ್ಯನನ್ನು ನುಂಗಿಬಿಡುವದಿಲ್ಲ. ಊಟಕ್ಕೆ ಕರೆದವರಿಗೆ ಆ ಮನುಷ್ಯನು ಸಿಕ್ಕುತ್ತಾನೆ.

3. ದೇವರು ಬಲ್ಲನು, ನೆರೆಯವನು ಅರಿಯನು

ದೇವರು ಹೃದಯವನ್ನು ಬಲ್ಲನೆಂದು ನಾವು ಬೋಧಿಸುತ್ತೇವೆ. ಆರೋಗ್ಯವಂತನಿಗೆ ಅದು ಆದರಣೆ. ಈ ರೋಗಿಗೆ ಮಾತ್ರ ಅದೇ ಮಾತು ಹೆದರಿಕೆಯಾಗಬಹುದು. ಆದಕಾರಣ ಅವನಿಗೆ ಭೇದವನ್ನು ಸ್ಪಷ್ಟವಾಗಿ ತಿಳಿಸಬೇಕು: ದೇವರು ಬಲ್ಲನು, ಬಲ್ಲವನಾಗಿ ಕನಿಕರಿಸುತ್ತಾನೆ, ನೆರೆಯವನಿಗಾದರೋ ಹೃದಯವನ್ನು ಓದುವ ಕಣ್ಣೂ ಇಲ್ಲ, ಕೇಳುವ ಕಿವಿಯೂ ಇಲ್ಲ. ಬೇಡದ ಯೋಚನೆ ತಾನಾಗಿ ಬಂದುಹೋದದ್ದಕ್ಕೆ ಅವನನ್ನು ಅಪರಾಧಿಯೆಂದು ಎಣಿಸಬಾರದು.

4. ಚಿಕಿತ್ಸೆಯುಂಟು

ಶ್ರೇಬರನ ಕಾಲದಲ್ಲಿ ಈ ರೋಗಕ್ಕೆ ತಕ್ಕ ಔಷಧವಿರಲಿಲ್ಲ. 1952ರಲ್ಲಿ ಪ್ಯಾರಿಸ್ ಪಟ್ಟಣದ ವೈದ್ಯರು ಕ್ಲೋರ್‌ಪ್ರೋಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ಗುಣವನ್ನು ಕಂಡರು. ಅಂದಿನಿಂದ ಅನೇಕ ಔಷಧಗಳು ಬಂದಿವೆ. ಇವು ಮೆದುಳಿನಲ್ಲಿ ಡೋಪಮಿನ್ ಎಂಬ ರಸದ ಕೆಲಸವನ್ನು ತಗ್ಗಿಸುವದರಿಂದ ಭ್ರಮೆಯ ಬಿಗಿ ಸಡಿಲುತ್ತದೆ. ಗುಣವು ಒಂದೇ ದಿನದಲ್ಲಿ ಕಾಣುವದಿಲ್ಲ, ವಾರಗಳು ಹಿಡಿಯುವವು. ಚೆನ್ನಾಗಿದ್ದೇನೆಂದು ತಾನಾಗಿ ಮಾತ್ರೆ ಬಿಟ್ಟರೆ ರೋಗವು ಮರಳುವ ಸಂಭವ ಹೆಚ್ಚು. ಮಾತ್ರೆಯಿಂದ ತೂಕಡಿಕೆ, ಕೈನಡುಕ ಮುಂತಾದವು ತೋರಿದರೆ ವೈದ್ಯರಿಗೆ ಹೇಳಿರಿ, ಅವರು ಬದಲಿಸುವರು. ಗಾಂಜಾ, ಸಾರಾಯಿಗಳನ್ನು ಮುಟ್ಟಬಾರದು.

ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳು ಇದಕ್ಕಾಗಿಯೇ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಬಿಟ್ಟಿಯಾಗಿ ಸಲಹೆ ದೊರೆಯುವದು. ಮನೋರೋಗಿಯನ್ನು ಸರಪಣಿಯಿಂದ ಕಟ್ಟಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯು ವಿಧಿಸಿದೆ.

5. ಮನೆಯವರೂ ಸಭೆಯವರೂ ಮಾಡತಕ್ಕದ್ದು

ಮೊದಲನೆಯದು, ಅವನ ಸಂಗಡ ವಾದಿಸಬೇಡಿರಿ, ಹೌದೆಂದು ಒಪ್ಪಲೂಬೇಡಿರಿ. "ನನಗೆ ನಿನ್ನ ಯೋಚನೆ ಕೇಳಿಸುವದಿಲ್ಲಪ್ಪಾ, ಆದರೆ ನಿನಗೆ ಎಷ್ಟು ಭಯವಾಗುತ್ತದೆಂದು ತಿಳಿಯುತ್ತದೆ" ಎಂದು ಹೇಳಿರಿ.

ಎರಡನೆಯದು, ಅವನೆದುರಿಗೆ ಪಿಸುಗುಟ್ಟಬೇಡಿರಿ, ಕಣ್ಸನ್ನೆ ಮಾಡಬೇಡಿರಿ. ಪರೀಕ್ಷೆಗಾಗಿಯೂ "ನಿನ್ನ ಮನಸ್ಸಿನಲ್ಲಿ ಇರುವದು ನನಗೆ ಗೊತ್ತು" ಎಂದು ತಮಾಷೆ ಮಾಡಬೇಡಿರಿ.

ಮೂರನೆಯದು, ಅವನ ಕೈಗೆ ಸಣ್ಣ ಕೆಲಸ ಕೊಡಿರಿ. ಊಟ, ನಿದ್ರೆಗಳು ಹೊತ್ತಿಗೆ ಸರಿಯಾಗಿ ನಡೆಯಲಿ.

ನಾಲ್ಕನೆಯದು, ಸಾಯುವ ಮಾತಾಡಿದರೆ, ಅನ್ನ ಬಿಟ್ಟರೆ, ತನ್ನನ್ನೋ ಪರರನ್ನೋ ಬಾಧಿಸುವ ಸೂಚನೆ ತೋರಿದರೆ, ಒಬ್ಬನನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಬಹುದು.

ನಾನು ಹೇಳಿದ ಯೌವನಸ್ಥನು ಅವನ ತಾಯಿಯ ಸಹನೆಯಿಂದ ವೈದ್ಯರ ಬಳಿಗೆ ಹೋದನು. ಈಗ ಹೊಲಗೆಲಸ ಮಾಡುತ್ತಾನೆ. ಗುಡಿಯಲ್ಲಿ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಾನೆ. ಅಂಜಿಕೆಯು ಪೂರಾ ಹೋಗಿಲ್ಲ. ಒಂದೊಂದು ಆದಿತ್ಯವಾರ ಹೊರಗೆ ನಿಂತು, "ಅಯ್ಯನವರೇ, ಕೇಳಿಸಿತೋ?" ಅನ್ನುತ್ತಾನೆ. "ಇಲ್ಲಪ್ಪಾ, ಏನೂ ಕೇಳಿಸಲಿಲ್ಲ" ಅನ್ನುತ್ತೇನೆ. ಆಗ ತಾಯಿಯ ಕೈಯಿಂದ ಚೀಲವನ್ನು ತಕ್ಕೊಂಡು ಮನೆಗೆ ಹೋಗುತ್ತಾನೆ.

ಮನೆಯಲ್ಲಿ ಕೇಳಿಕೊಳ್ಳತಕ್ಕ ಪ್ರಶ್ನೆಗಳು

1. ಮುಖದಲ್ಲಿ ಅಳುಕು ಕಂಡೀತೆಂಬ ಅಂಜಿಕೆಗೂ ಈ ಭ್ರಮೆಗೂ ಭೇದವೇನು?
2. ಶ್ರೇಬರನನ್ನು ಊಟಕ್ಕೆ ಕೂರಿಸಿಕೊಂಡದ್ದರಿಂದ ಏನು ತಿಳಿದುಬಂತು?
3. ನಮ್ಮ ಊರಲ್ಲಿ ಹೀಗೆ ಬಾಗಿಲು ಮುಚ್ಚಿಕೊಂಡವರು ಯಾರಾದರೂ ಇದ್ದಾರೋ? ಅವರ ಮನೆಗೆ ನಾವು ಕಡೆಗೆ ಹೋದದ್ದು ಯಾವಾಗ?