ಖಾಲಿ ಕುರ್ಚಿಯ ಖರ್ಚು

ಮೆನು ಕಾರ್ಡೇ ಇಲ್ಲದ ಹೋಟೆಲಿನಲ್ಲಿ ಬಿಲ್ಲು ಮಾತ್ರ ಮೊದಲೇ ಗೊತ್ತಿರುತ್ತದೆ. ಟೇಸ್ಟಿಂಗ್ ಮೆನು ಎಂಬ ಊಟದ ವ್ಯವಹಾರ ಅಡಗಿರುವುದೇ ಇಲ್ಲಿ. ಆ ತಿಂಗಳು ಹೊಲದಲ್ಲಿ, ಸಂತೆಯಲ್ಲಿ ಏನು ಸಿಕ್ಕಿತೋ ಅದನ್ನೇ ಹತ್ತೋ ಹನ್ನೆರಡೋ ಪುಟ್ಟ ತಟ್ಟೆಗಳಲ್ಲಿ ಒಂದಾದ ಮೇಲೊಂದು ತಂದಿಡುತ್ತಾರೆ. ಎಲ್ಲರಿಗೂ ಒಂದೇ ಊಟ, ಒಂದೇ ದರ. ದುಡ್ಡು ಪೂರ್ತಿಯೋ ಅರ್ಧವೋ ಮುಂಗಡ.

ನಮ್ಮ ದೇಶದಲ್ಲಿ ಇದಕ್ಕೆ ಹೆಸರು ತಂದದ್ದು ಮುಂಬೈ ಮಹಾಲಕ್ಷ್ಮಿಯ ‘ಮಾಸ್ಕ್’. ಹಳೆಯ ಲಕ್ಷ್ಮಿ ವುಲನ್ ಮಿಲ್‌ನ ಆವರಣದಲ್ಲಿ 2016ರಲ್ಲಿ ಶುರುವಾಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ‘ನೋಮಾ’ ಕೂಡ 2003ರಲ್ಲಿ ಬಾಗಿಲು ತೆರೆದದ್ದು ಬಂದರಿನ ಪಕ್ಕದ ಹಳೇ ಗೋದಾಮಿನಲ್ಲೇ. ಗಿರಣಿ, ಗೋದಾಮುಗಳ ಮೇಲೆ ಇವರಿಗೇಕೆ ಇಷ್ಟು ಮೋಹ? ಎತ್ತರದ ಸೂರು, ನಡುವೆ ಕಂಬವಿಲ್ಲದ ಅಗಲ, ಫೋಟೊಗೆ ಒಪ್ಪುವ ಇಟ್ಟಿಗೆ ಗೋಡೆ ಎಂದೆಲ್ಲ ಹೇಳುತ್ತಾರೆ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಲೇ ಹಣ್ಣಾದ ನನಗೆ ಬೇರೆಯೇ ಕಾರಣ ಕಾಣುತ್ತದೆ. ದಾರಿಹೋಕರು ಬರಲಿ ಎಂದು ಕಾಯುವ ಹೋಟೆಲಿಗೆ ಬಸ್‌ಸ್ಟ್ಯಾಂಡ್ ಎದುರಿನ ದುಬಾರಿ ಮಳಿಗೆಯೇ ಬೇಕು. ದುಡ್ಡು ಕಟ್ಟಿ, ಹೆಸರು ಬರೆಸಿ ಬರುವವನು ಓಣಿಯ ಕೊನೆಗಿದ್ದರೂ ಹುಡುಕಿಕೊಂಡು ಬರುತ್ತಾನೆ.

ಅಂಥದ್ದೇ ಒಂದು ಕಡೆ ಮಗಳು ನನ್ನನ್ನು ಕರೆದೊಯ್ದಳು. ಮುಂಬೈಯಲ್ಲಿ ನೌಕರಿ ಅವಳಿಗೆ, ಬೋನಸ್ ಬಂದಿತ್ತು. ಹೋಟೆಲಿನ ಹೆಸರು ಬೇಡ. “ಅಪ್ಪಾ, ಇಲ್ಲಿ ಏನದ ಅಂತ ಕೇಳಬ್ಯಾಡ. ಅವರು ಕೊಟ್ಟಿದ್ದು ಉಣಬೇಕು” ಎಂದು ಲಿಫ್ಟಿನಲ್ಲೇ ಎಚ್ಚರಿಸಿದ್ದಳು. ಮೂರನೆಯ ತಟ್ಟೆಯಲ್ಲಿ ಹೆಬ್ಬೆರಳ ಉಗುರಿನಷ್ಟಗಲ ಜೋಳದ ಹಪ್ಪಳ, ಅದರ ಮೇಲೆ ಪುಂಡಿಪಲ್ಲೆ ಅರೆದ ಹುಳಿ ಒಂದು ಬೊಟ್ಟು, ತುದಿಯಲ್ಲಿ ಹುರಿದ ನವಣೆ ನಾಲ್ಕೈದು ಕಾಳು. ಬಡಿಸಿದ ಹುಡುಗ ಇಂಗ್ಲಿಷಿನಲ್ಲಿ ದಖ್ಖನ್ನಿನ ಒಣಬೇಸಾಯದ ಬಗ್ಗೆ ಒಂದು ನಿಮಿಷ ಮಾತಾಡಿದ. ತೆಲಂಗಾಣದ ನಾರಾಯಣಖೇಡದಲ್ಲಿ ಹುಟ್ಟಿ, ಪುಂಡಿಪಲ್ಲೆ ಉಂಡೇ ಬೆಳೆದವನು ನಾನು, ತಲೆಯಾಡಿಸುತ್ತ ಕೇಳಿದೆ. ರುಚಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಮ್ಮವ್ವನ ಪುಂಡಿಪಲ್ಲೆಗಿಂತ ಹುಳಿ ಹದವಾಗಿತ್ತು ಎಂದು ಬರೆದರೆ ಊರಿಗೆ ಹೋಗುವುದು ಕಷ್ಟ, ಆದರೂ ಬರೆದೆ.

ಬಿಲ್ಲು ಬಂತು. ತಲೆಗೆ 6,000ದಂತೆ ಇಬ್ಬರಿಗೆ 12,000. ಅದರ ಮೇಲೆ ಶೇ 10 ಸೇವಾ ಶುಲ್ಕ, 1,200. ಎರಡೂ ಕೂಡಿದ ಮೊತ್ತದ ಮೇಲೆ ಶೇ 5 ಜಿಎಸ್‌ಟಿ, 660. ಒಟ್ಟು 13,860 ರೂಪಾಯಿ. ಇಂಥ ಊಟಕ್ಕೆ ಹೋಗುವ ಓದುಗರು ಒಂದು ವಿಷಯ ತಿಳಿದಿರಲಿ. ಜಿಎಸ್‌ಟಿ ಕೊಡಲೇಬೇಕು, ಸೇವಾ ಶುಲ್ಕ ಕೊಡಲೇಬೇಕೆಂದಿಲ್ಲ. ಹೋಟೆಲಿನವರು ತಾವಾಗಿಯೇ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ನಾನು ಕೇಳಿದೆ, ಮ್ಯಾನೇಜರ್ ತಕರಾರಿಲ್ಲದೆ ತೆಗೆದ. ಶುಲ್ಕದ ಜೊತೆಗೆ ಅದರ ಮೇಲಿನ ತೆರಿಗೆಯೂ ಹೋಗಿ 12,600ಕ್ಕೆ ಇಳಿಯಿತು. ಬಡಿಸಿದ ಹುಡುಗರ ಕೈಗೆ ನೇರವಾಗಿ 500 ಕೊಟ್ಟೆ. “ಇಲ್ಲೂ ನಿನ್ನ ಬ್ಯಾಂಕ್ ಬುದ್ಧಿ ಬಿಡಲಿಲ್ಲ ನೋಡು” ಎಂದಳು ಮಗಳು. ತೆಗೆಯಲು ಒಪ್ಪದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಬಹುದು.

ಇನ್ನು ಆ 6,000 ಎಲ್ಲಿಗೆ ಹೋಗುತ್ತದೆ? ಕಾಳಿಗಂತೂ ಅಲ್ಲ. ತಾಂಡೂರಿನ ತೊಗರಿಯನ್ನೇ ತೆಗೆದುಕೊಳ್ಳಿ. 2022ರ ಡಿಸೆಂಬರಿನಲ್ಲಿ ಭೌಗೋಳಿಕ ಸೂಚಿಕೆ ಪಡೆದ, ನಮ್ಮ ಕಲಬುರಗಿ ತೊಗರಿಗೆ ಹೆಗಲೆಣೆಯಾದ ಕಾಳು ಅದು. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000, ಕಿಲೋಗೆ 80. ಒಬ್ಬರ ಊಟಕ್ಕೆ 50 ಗ್ರಾಂ ಬೇಳೆ ಬೇಕೆಂದರೆ ಸುಮಾರು 70 ಗ್ರಾಂ ಕಾಳು ಒಡೆಸಬೇಕು. ರೈತನಿಗೆ ಸಿಗುವುದು ಐದೂವರೆ ರೂಪಾಯಿ ಚಿಲ್ಲರೆ. ನವಣೆ, ಸಾವೆಗೆ ಅಷ್ಟೂ ಖಾತರಿಯಿಲ್ಲ. ಜೋಳ, ಸಜ್ಜೆ, ರಾಗಿಗೆ ತಮ್ಮದೇ ಬೆಂಬಲ ಬೆಲೆ ಉಂಟು, ಈ ಕಿರುಧಾನ್ಯಗಳಿಗೆ ಕೇಂದ್ರದ ಪ್ರತ್ಯೇಕ ಬೆಂಬಲ ಬೆಲೆ ಇಲ್ಲ.

ಸಾಮಾನಿನ ಖರ್ಚು ಮಾರಾಟದ ಮೂರನೇ ಒಂದು ಪಾಲು ದಾಟಬಾರದೆಂಬುದು ಹೋಟೆಲ್ ಧಂದೆಯ ಹಳೇ ಲೆಕ್ಕ. ಉಳಿದದ್ದು ಬಾಡಿಗೆಗೆ, ಬಡ್ಡಿಗೆ, ಕೈಗಳಿಗೆ. ಹೆಬ್ಬೆರಳುಗುರಿನ ಹಪ್ಪಳದ ಮೇಲೆ ಚಿಮಟದಿಂದ ನವಣೆ ಕಾಳು ಇಡುವವನಿಗೂ ಸಂಬಳ ಬೇಕಲ್ಲ! ನೋಮಾದಲ್ಲಿ ಇಂಥ ಕೆಲಸ ಕಲಿಯಲು ಬಂದವರು ವರ್ಷಾನುಗಟ್ಟಲೆ ಸಂಬಳವಿಲ್ಲದೆ ಮಾಡಿದರು. 2022ರ ಅಕ್ಟೋಬರಿನಲ್ಲಿ ಅವರಿಗೂ ಸಂಬಳ ಶುರುವಾಯಿತು. 2023ರ ಜನವರಿಯಲ್ಲಿ ಯಜಮಾನ ರೆನೆ ರೆಡ್ಜೆಪಿ, ಈ ಬಗೆಯ ಹೋಟೆಲಿನ ಲೆಕ್ಕ ಇನ್ನು ಮುಂದೆ ನಡೆಯುವಂಥದ್ದಲ್ಲ, ದಿನದ ಹೋಟೆಲಾಗಿ ಮುಚ್ಚುತ್ತೇವೆ ಎಂದು ಪ್ರಕಟಿಸಿದ. ಪ್ರಪಂಚದ ನಂಬರ್ ಒಂದು ಎನಿಸಿಕೊಂಡ ಹೋಟೆಲು! ಎಲ್ಲದಕ್ಕೂ ಸಂಬಳವೊಂದೇ ಕಾರಣ ಎನ್ನಲಾರೆ, ಆದರೆ ಎರಡು ತಾರೀಖು ಇಷ್ಟು ಹತ್ತಿರ ಬಂದದ್ದು ಕಂಡಾಗ ಲೆಕ್ಕ ಬರೆಯುವವನ ಕಣ್ಣು ಅಲ್ಲೇ ನಿಲ್ಲುತ್ತದೆ.

ಆಮೇಲೆ ಉಳಿಯುವುದು ಖಾಲಿ ಕುರ್ಚಿ. ಗಿರಾಕಿ ಬರಲಿ ಬಿಡಲಿ ಬಾಡಿಗೆ ಓಡುತ್ತದೆ, ತಂದ ಸೊಪ್ಪು ಬಾಡುತ್ತದೆ. ಮುಂಗಡ ಕಟ್ಟಿಸಿಕೊಳ್ಳುವುದು, ಆಯ್ಕೆಯೇ ಕೊಡದಿರುವುದು, ಎರಡೂ ಈ ನಷ್ಟವನ್ನು ಉಣ್ಣುವವನ ತಲೆಗೆ ದಾಟಿಸುವ ಉಪಾಯಗಳು. ಮೋಸವೇನಲ್ಲ. ಮಳೆ ಕೈಕೊಟ್ಟು ಇವತ್ತು ಅವರೆಕಾಯಿ ಬರಲಿಲ್ಲವೆಂದರೆ ಹೋಟೆಲಿನವನು ಬೇರೇನೋ ಬಡಿಸುತ್ತಾನೆ, ನೀವು ಅಷ್ಟೇ ದುಡ್ಡು ಕೊಡುತ್ತೀರಿ. ಋತುಮಾನದ ಗಂಡಾಂತರ ಗಿರಾಕಿಯ ಪಾಲಾಗುವುದರಿಂದಲೇ ಋತುಮಾನದ ಅಡುಗೆ ಸಾಧ್ಯವಾಗಿದೆ.

ನಮ್ಮ ಕಡೆ ಆ ಗಂಡಾಂತರ ಯಾವಾಗಲೂ ಬಿದ್ದಿರುವುದು ಬೆಳೆದವರ ಮೇಲೆ. ಅದನ್ನು ಸ್ವಲ್ಪವಾದರೂ ಕದಲಿಸಿದ ಉದಾಹರಣೆ ಜಹೀರಾಬಾದಿನಲ್ಲಿದೆ. ಹೈದರಾಬಾದಿನಿಂದ ಮುಂಬೈ ಕಡೆ ಹೋಗುವ ಹೆದ್ದಾರಿಯಲ್ಲಿ, ಊರಿಗೆ ಅಂಟಿಕೊಂಡ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. ಶುರುವಾದದ್ದು 1983ರಲ್ಲಿ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿದ್ದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ದಲಿತ ಹೆಣ್ಣುಮಕ್ಕಳ ‘ಸಂಗಂ’ಗಳು ಬೆಳೆದ ಧಾನ್ಯವನ್ನೇ ಬೇಯಿಸಿ ಬಡಿಸುವ ‘ಕೆಫೆ ಎಥ್ನಿಕ್’ ಎಂಬ ಸಿರಿಧಾನ್ಯದ ಹೋಟೆಲನ್ನೂ ಸೊಸೈಟಿ ಜಹೀರಾಬಾದಿನಲ್ಲಿ ನಡೆಸಿತು. ನಾನಲ್ಲಿ ಉಂಡದ್ದುಂಟು. ಅಲ್ಲಿ ಕಾಳಿನ ಕಥೆ ಹೇಳಲು ಯಾರೂ ನಿಲ್ಲಲಿಲ್ಲ, ರೊಟ್ಟಿ ಮಾತ್ರ ಬಿಸಿಯಿತ್ತು.

ಹೋಟೆಲಿಗಿಂತ ನನಗೆ ಹಿಡಿಸಿದ್ದು ಅವರ ಧಾನ್ಯ ನಿಧಿಯ ಲೆಕ್ಕ. ತೊಂಬತ್ತರ ದಶಕದ ನಡುವಿನಲ್ಲಿ, ಬೀಳು ಬಿದ್ದ ಹೊಲ ಉತ್ತು ಜೋಳ ಬಿತ್ತಲು ಬಡ ಹಿಡುವಳಿದಾರರಿಗೆ ಸಂಗಂ ಮೂಲಕ ಸಾಲ ಕೊಟ್ಟರು. ಮರುಪಾವತಿ ರೊಕ್ಕದಲ್ಲಲ್ಲ, ಜೋಳದಲ್ಲಿ, ಐದು ವರ್ಷದ ಕಂತಿನಲ್ಲಿ. ಬಂದ ಜೋಳ ಊರಲ್ಲೇ ಕೂಡಿಟ್ಟು, ಕೆಲಸವಿಲ್ಲದ ತಿಂಗಳುಗಳಲ್ಲಿ ಅತಿ ಬಡವರಿಗೆ ಕಡಿಮೆ ದರದಲ್ಲಿ ಕೊಡುತ್ತಿದ್ದರು. ಯಾರು ಎಷ್ಟು ಬಡವರೆಂದು ಊರ ಹೆಣ್ಣುಮಕ್ಕಳೇ ಕೂತು ತೀರ್ಮಾನಿಸುತ್ತಿದ್ದರು. ಬೆಳೆಗೆ ಮುಂಗಡ, ಕಂತು ಕಾಳಿನಲ್ಲಿ: ಸುಗ್ಗಿಯಲ್ಲಿ ದರ ಬಿದ್ದರೂ ಸಾಲಗಾರಳ ಕಂತು ಹೆಚ್ಚಾಗದು. ಇಷ್ಟು ಜಾಣತನದ ಸಾಲದ ಕರಾರನ್ನು ನನ್ನ ಬ್ಯಾಂಕಿನ ನೌಕರಿಯಲ್ಲಿ ಕಂಡವನಲ್ಲ ನಾನು.

ಮುಂಬೈಯಿಂದ ಬಂದು ಕೆಲವೇ ತಿಂಗಳಿಗೆ ತಾಂಡೂರಿನ ಅಕ್ಕನ ಮಗ ಫೋನ್ ಮಾಡಿದ. “ಮಾಮಾ, ಶೆಡ್ ಖಾಲಿ ಬಿದ್ದದ. ಅಲ್ಲಿ ಬಾಂಬೆದಾಂಗ ಊಟದ ಜಾಗಾ ಮಾಡಬೇಕಂತ ಮಾಡೀನಿ.” ಮಗಳೇ ಫೋಟೊ ಕಳಿಸಿ ತಲೆಕೆಡಿಸಿದ್ದಳು. ಶೆಡ್ಡು ಭಾವನವರದು, ಫರ್ಸಿ ಕಲ್ಲಿನ ಪಾಲಿಶ್ ಘಟಕ. ಟೈಲ್ಸ್ ಬಂದ ಮೇಲೆ ಅಂಥ ಎಷ್ಟೋ ಘಟಕಗಳಿಗೆ ಕೆಲಸ ಕಡಿಮೆಯಾಗಿದೆ. ಹೋಗಿ ನೋಡಿದೆ. ತಗಡಿನ ಸೂರು, ಕಾಲಿಟ್ಟಲ್ಲೆಲ್ಲ ಬೂದುಬಣ್ಣದ ಕಲ್ಲಿನ ಹಿಟ್ಟು. ಆದರೆ ಪಾಲಿಶ್ ನೀರು ಹರಿಯಲು ನೆಲದಲ್ಲಿ ಕಾಲುವೆ ತೋಡಿತ್ತು, ತ್ರೀ ಫೇಸ್ ಕರೆಂಟಿತ್ತು. ಅಡುಗೆಮನೆಗೆ ಹೊಸದಾಗಿ ಮಾಡಿಸಹೋದರೆ ಈ ಎರಡೇ ಸಾಕು ಗಂಟು ಕರಗಿಸಲು. ಆ ಕರೆಂಟಿನ ದರ ಮಾತ್ರ ಕೈಗಾರಿಕೆಯಿಂದ ವಾಣಿಜ್ಯಕ್ಕೆ ಬದಲಾಗುತ್ತದೆ ಎಂಬುದು ಅವನ ಹಾಳೆಯಲ್ಲಿರಲಿಲ್ಲ. ಶೇ 5 ಜಿಎಸ್‌ಟಿ ವಸೂಲಿ ಮಾಡುವ ಹೋಟೆಲಿಗೆ ಹೂಡುವಳಿ ತೆರಿಗೆಯ ವಜಾ ಸಿಗುವುದಿಲ್ಲ, ಫ್ರಿಜ್ಜು ಒಲೆಗಳ ಮೇಲೆ ಕೊಟ್ಟ ತೆರಿಗೆ ಪೂರ್ತಿ ಕೈಯಿಂದಲೇ ಎಂಬುದೂ ಇರಲಿಲ್ಲ.

ಅವನ ಯೋಜನೆ: 40 ಲಕ್ಷ ಸಾಲ, 24 ಕುರ್ಚಿ, ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ, ತಲೆಗೆ 900. ಹೈದರಾಬಾದಿನವರು ನೂರು ಕಿಲೋಮೀಟರ್ ದಾಟಿ ಬರುತ್ತಾರೆಂಬ ಭರವಸೆ. ಶೇ 11 ಬಡ್ಡಿಗೆ ಏಳು ವರ್ಷದ ಅವಧಿ ಹಿಡಿದರೆ ಕಂತು ತಿಂಗಳಿಗೆ ಸುಮಾರು 68,500. ನಾಲ್ವರು ಕೆಲಸಗಾರರಿಗೆ 60,000, ಗ್ಯಾಸು ಕರೆಂಟಿಗೆ 15,000. ಅಲ್ಲಿಗೆ ಒಬ್ಬ ಗಿರಾಕಿಯೂ ಬರದೆ 1,43,500 ಖರ್ಚು. ಸಾಮಾನಿಗೆ 300 ತೆಗೆದರೆ ಒಂದು ಊಟದಿಂದ ಕೈಗೆ ಉಳಿಯುವುದು 600. ತಿಂಗಳಿಗೆ 13 ದಿನ ಬಾಗಿಲು ತೆರೆದರೆ ದಿನಕ್ಕೆ 24ರಲ್ಲಿ 19 ಕುರ್ಚಿ ತುಂಬಬೇಕು, ಅದೂ ಲಾಭವಿಲ್ಲದೆ ಸರಿದೂಗಿಸಲು. ಅರ್ಧ ತುಂಬಿದರೆ ತಿಂಗಳಿಗೆ 50,000 ನಷ್ಟ. ತಾಂಡೂರಿನ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಶೆಡ್ಡಿನಡಿ, 19 ಮಂದಿ!

ಸಾಲವೇ ಬೇಡ ಎಂದೆ. ಬೇಸಿಗೆಯೂ ಬೇಡ. ನಮ್ಮ ಊಟಕ್ಕೊಂದು ಹಂಗಾಮು ಹೇಗೂ ಇದೆಯಲ್ಲ. ಎಳ್ಳ ಅಮಾಸೆಗೆ ನಾರಾಯಣಖೇಡದ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿಯನ್ನು ನೆನೆಯಿರಿ. ಹಸಿ ತೊಗರಿಕಾಳು, ಹಸಿಗಡಲೆ, ಅವರೆ, ಬಟಾಣಿ, ಮೆಂತ್ಯ, ಬದನೆ, ಗಜ್ಜರಿ ಎಲ್ಲ ಒಂದೇ ಹಂಡೆಯಲ್ಲಿ ಬೆಂದು, ಹುಣಸೆರಸ, ಕಡಲೆಹಿಟ್ಟು ಬಿದ್ದು ಗಟ್ಟಿಯಾಗುವ ಹೊತ್ತಿಗೆ ಯಾವ ಕಾಳು ಯಾವುದೆಂದು ನಾಲಿಗೆಗಷ್ಟೇ ತಿಳಿಯುತ್ತದೆ. ಪಕ್ಕಕ್ಕೆ ಸಜ್ಜೆ ಕಡಬು, ಶೇಂಗಾ ಹೋಳಿಗೆ, ಮಡಕೆಯಲ್ಲಿ ಅಂಬಲಿ. ಹಸಿ ತೊಗರಿ ಎಳೆಯದಾಗಿರುವುದು ಕೆಲವೇ ವಾರ. ಡಿಸೆಂಬರ್, ಜನವರಿ ಎರಡೇ ತಿಂಗಳು ನಡೆಸು, ಪಾತ್ರೆಪಡಗ ಬಾಡಿಗೆಗೆ ತಾ, ದುಡ್ಡು ಮುಂಗಡ ತಗೋ, ಬರಲಾಗದವರು ಬೇರೆಯವರನ್ನು ಕಳಿಸಲಿ ಅನ್ನು. ಕಂತಿಲ್ಲದಿದ್ದರೆ ಖರ್ಚು 75,000ಕ್ಕೆ ಇಳಿಯುತ್ತದೆ, ದಿನಕ್ಕೆ 10 ಕುರ್ಚಿ ಸಾಕು.

ಅಳಿಯ ಖುಷಿಯಾದ. ಹಾಳೆ ಮಡಿಸುವ ಮುಂಚೆ ಕೆಲಸಗಾರರ ಪಟ್ಟಿ ಮತ್ತೊಮ್ಮೆ ನೋಡಿದೆ: ಬಡಿಸಲು ಇಬ್ಬರು, ಪಾತ್ರೆಗೆ ಒಬ್ಬಳು, ಮೇಲುಗೆಲಸಕ್ಕೆ ಒಬ್ಬ. ಅಡುಗೆ ಯಾರದು? “ಅವ್ವ ಮಾಡ್ತಾಳ ಮಾಮಾ, ಅವ್ವಗೆಂಥ ಪಗಾರ?” ಕೋಪನ್‌ಹೇಗನ್ನಿನ ಲೆಕ್ಕದಲ್ಲೂ ಹೀಗೇ ಒಂದು ಸಾಲು ಬಿಟ್ಟುಹೋಗಿತ್ತು. ಅಕ್ಕನ ಹೆಸರಿಗೆ 20,000 ಬರೆದೆ. ಖರ್ಚು 95,000 ಆಯಿತು. 10 ಕುರ್ಚಿ ಇದ್ದದ್ದು 13ಕ್ಕೆ ಏರಿತು. ಅಳಿಯನ ಮುಖ ಸಣ್ಣದಾಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕ ಅಂದಳು: “ಹದಿಮೂರು ಮಂದಿದು ರೊಕ್ಕ ಗುರುವಾರ ಸಂಜಿ ಒಳಗ ಬರಲಿ. ಬಂದ್ರ ಒಲಿ ಹಚ್ಚತೀನಿ, ಇಲ್ಲಂದ್ರ ಇಲ್ಲ. ತಮ್ಮಾ, ಇದೂ ಬರಿ ಅದರಾಗ.”